ಹಸಿರಾದ ನೀರು ಮತ್ತು ನಮ್ಮ ಲೆಕ್ಕ

(ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)

ನೀರನ್ನು ಅಳೆಯುವುದರಲ್ಲಿ ನಮ್ಮ ಜಿಲ್ಲೆಯವರು ಯಾರಿಗೂ ಕಡಿಮೆಯವರಲ್ಲ. ಮುಂಗಾರು ಕಾಲಿಟ್ಟಿತೆಂದರೆ ಸಾಕು, ಗಂಗಾವತಿಯ ಚಹದ ಅಂಗಡಿಯಲ್ಲಿ ಕುಳಿತ ರೈತನಿಗೆ ತುಂಗಭದ್ರಾ ಜಲಾಶಯದ ಇಂದಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಎಡದಂಡೆ ಕಾಲುವೆಗೆ ಬಿಟ್ಟದ್ದು ಎಷ್ಟು ಎಂಬುದೆಲ್ಲ ಬಾಯಿಪಾಠ. 1,633 ಅಡಿ ಎಂದರೆ ಜಲಾಶಯ ತುಂಬಿತು ಎಂಬುದು ಶಾಲೆಯ ಮುಖ ಕಾಣದ ಮುದುಕನಿಗೂ ಗೊತ್ತು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ಜಿಲ್ಲೆಗೆ ಜಿಲ್ಲೆಯೇ ನಿದ್ದೆಗೆಟ್ಟಿತು. ಕನ್ನಯ್ಯ ನಾಯ್ಡು ಅವರಂಥ ಅನುಭವಿ ತಜ್ಞರ ಮಾರ್ಗದರ್ಶನದಲ್ಲಿ ಕೆಲಸಗಾರರು ಭೋರ್ಗರೆಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆ ಇಳಿಸಿ ಉಳಿದ ನೀರನ್ನು ಉಳಿಸಿದರು. ಆ ದಿನಗಳಲ್ಲಿ ಒಂದೊಂದು ಟಿ.ಎಂ.ಸಿ.ಯ ಲೆಕ್ಕವನ್ನೂ ಜನ ಕೇಳಿದರು. ಕೇಳಬೇಕಾದದ್ದೇ.

ಆದರೆ ನಾವು ಎಂದೂ ಕೇಳದ ಇನ್ನೊಂದು ಲೆಕ್ಕ ಇದೆ. ನೀರು ಎಷ್ಟು ಎಂದು ಕೇಳುತ್ತೇವೆ. ನೀರು ಎಂಥದು ಎಂದು ಕೇಳುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಜಲಾಶಯದ ನೀರು ಮತ್ತೆ ಮತ್ತೆ ಹಸಿರಾಗಿದೆ. ಹಿನ್ನೀರಿನ ದಂಡೆಯಲ್ಲಿ ಹಸಿರು ಬಣ್ಣ ಕಲಸಿ ಸುರಿದಂತೆ ಕೆನೆ ಕಟ್ಟಿದ್ದನ್ನು, ಕಾಲುವೆಯಲ್ಲಿ ಹಸಿರು ನೀರು ಹರಿದದ್ದನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಕೆಲವು ದಿನ ಸುದ್ದಿಯಾಗುತ್ತದೆ. ಯಾರೋ ಕಾರ್ಖಾನೆಯ ವಿಷ ಎನ್ನುತ್ತಾರೆ, ಯಾರೋ ಕಾಲ ಕೆಟ್ಟಿತು ಎನ್ನುತ್ತಾರೆ, ಇನ್ನು ಯಾರೋ ಹಾವಸೆ ತಾನೇ, ಹೋಗುತ್ತದೆ ಬಿಡಿ ಎನ್ನುತ್ತಾರೆ. ಗಾಳಿ ಬೀಸಿ, ಹೊಸ ನೀರು ಬಂದು ಬಣ್ಣ ಹೋಗುತ್ತದೆ. ಅದರೊಡನೆ ಮಾತೂ ಹೋಗುತ್ತದೆ. ಇವತ್ತು ಆ ಮಾತನ್ನು ಹೋಗಗೊಡಬಾರದು ಎಂಬುದಕ್ಕಾಗಿಯೇ ನಿಮ್ಮ ಮುಂದೆ ನಿಂತಿದ್ದೇವೆ. ನಾವು ವಿಜ್ಞಾನಿಗಳಲ್ಲ, ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿದವರು. ವಿಜ್ಞಾನಿಗಳು ಕಂಡುಕೊಂಡದ್ದನ್ನು ಓದಿ, ನಮ್ಮ ಹೊಲಕ್ಕೂ ಕೊಡಕ್ಕೂ ಅದರಿಂದ ಏನು ತಿಳಿಯುತ್ತದೆ ಎಂಬಷ್ಟನ್ನು ಹೇಳುತ್ತೇವೆ.

ಹಸಿರು ಎಂಬುದೇನು?

ಮೊದಲನೆಯ ಪ್ರಶ್ನೆ, ಈ ಹಸಿರು ಏನು? ಅದು ಬಣ್ಣವಲ್ಲ, ಜೀವ. ಕೆರೆಯ ಒಂದು ಮಿಲಿಲೀಟರ್ ನೀರಿನಲ್ಲಿ, ಎಂದರೆ ಇಪ್ಪತ್ತು ಹನಿಯಷ್ಟರಲ್ಲಿ, ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾಗಳು ಇರುತ್ತವೆ. ಅವುಗಳ ಜೊತೆಗೆ ಕಣ್ಣಿಗೆ ಕಾಣದ ಪಾಚಿಗಳು, ಪಾಚಿಯನ್ನು ಮೇಯುವ ಸಣ್ಣ ನೀರುಹುಳುಗಳು, ಆ ಹುಳುಗಳನ್ನು ತಿನ್ನುವ ಮೀನುಮರಿಗಳು. ಅದೂ ಒಂದು ಊರೇ. ಅಲ್ಲಿ ಬೆಳೆಯುವವರಿದ್ದಾರೆ, ಉಣ್ಣುವವರಿದ್ದಾರೆ, ಸತ್ತದ್ದನ್ನು ಕೊಳೆಸಿ ಮರಳಿ ಗೊಬ್ಬರ ಮಾಡುವವರಿದ್ದಾರೆ. ಎಲ್ಲರೂ ತಮ್ಮ ತಮ್ಮ ಪಾಲಿನಲ್ಲಿ ಇರುವವರೆಗೆ ನೀರು ತಿಳಿಯಾಗಿರುತ್ತದೆ. ಒಬ್ಬರ ಪಾಲಿಗೆ ಮಿತಿಮೀರಿ ಉಣಿಸು ಬಿದ್ದರೆ ಅವರೇ ಊರನ್ನೆಲ್ಲ ಆಕ್ರಮಿಸುತ್ತಾರೆ. ಜಲಾಶಯ ಹಸಿರಾಗುವುದೆಂದರೆ ಇದೇ.

ಹಾಗೆ ಆಕ್ರಮಿಸುವವುಗಳಲ್ಲಿ ಮುಖ್ಯವಾದುದು ನೀಲಿ-ಹಸಿರು ಪಾಚಿ. ಹೆಸರು ಪಾಚಿ ಎಂದಾದರೂ ಅದು ನಿಜವಾಗಿ ಬ್ಯಾಕ್ಟೀರಿಯಾದ ಜಾತಿ; ವಿಜ್ಞಾನಿಗಳು ಸಯನೋಬ್ಯಾಕ್ಟೀರಿಯಾ ಎನ್ನುತ್ತಾರೆ. ಇದು ಭೂಮಿಯ ಮೇಲಿನ ಅತಿ ಹಳೆಯ ಒಕ್ಕಲು. ಇನ್ನೂರು ಕೋಟಿ ವರ್ಷಗಳಿಗೂ ಹಿಂದೆ ಗಾಳಿಯಲ್ಲಿ ಆಮ್ಲಜನಕವನ್ನು ತುಂಬಲು ಆರಂಭಿಸಿದ್ದು ಇದರ ಪೂರ್ವಜರೇ. ಇಂದು ನಾವು ಉಸಿರಾಡುತ್ತಿರುವುದು ಆ ಋಣದಿಂದ.

ಭತ್ತ ಬೆಳೆಯುವ ಗಂಗಾವತಿಯವರು ಇದನ್ನು ವಿಶೇಷವಾಗಿ ತಿಳಿದಿರಬೇಕು. ನೀರು ನಿಂತ ಗದ್ದೆ ವರ್ಷ ವರ್ಷವೂ ಗೊಬ್ಬರವಿಲ್ಲದೆಯೂ ಒಂದಿಷ್ಟು ಬೆಳೆ ಕೊಡುವುದು ಹೇಗೆ ಎಂಬ ಪ್ರಶ್ನೆಗೆ 1939ರಲ್ಲಿ ಪಿ. ಕೆ. ಡೇ ಎಂಬ ನಮ್ಮ ದೇಶದ ವಿಜ್ಞಾನಿ ಉತ್ತರ ಕೊಟ್ಟರು. ಗದ್ದೆಯ ನೀರಿನ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ ಎಂದು ಅವರು ತೋರಿಸಿದರು. ಬನಾರಸಿನ ಆರ್. ಎನ್. ಸಿಂಗ್ ಅವರು 1950ರಲ್ಲಿ ಇದೇ ಪಾಚಿಯಿಂದ ಸವುಳು ಭೂಮಿಯನ್ನು ಸುಧಾರಿಸಬಹುದೆಂದು ಬರೆದರು. ಆದುದರಿಂದ ಪಾಚಿಯನ್ನೇ ವೈರಿ ಎಂದು ಬಗೆಯಬೇಡಿ. ಗದ್ದೆಯಲ್ಲಿ ಮಿತ್ರನಾದದ್ದು ಜಲಾಶಯದಲ್ಲಿ ಶತ್ರುವಾಗುವುದೇಕೆ? ಅದರ ಗುಣ ಬದಲಾಗಿಲ್ಲ. ಅದಕ್ಕೆ ಉಣಬಡಿಸಿದ ಕೈ ಬದಲಾಗಿದೆ.

ಒಂದು ಕೆರೆ, ಎರಡು ಪಾಲು

ಈ ಉಣಬಡಿಸುವ ಕೈ ಯಾವುದು ಎಂಬುದನ್ನು ಕೆನಡಾ ದೇಶದ ಒಂದು ಕೆರೆ ಲೋಕಕ್ಕೆ ತೋರಿಸಿಕೊಟ್ಟಿತು. 1960ರ ದಶಕದಲ್ಲಿ ಅಮೆರಿಕ, ಕೆನಡಾಗಳ ನಡುವಿನ ಈರಿ ಎಂಬ ಮಹಾಸರೋವರ ಹಸಿರಾಗಿ, ಮೀನು ಸತ್ತು, ದುರ್ವಾಸನೆ ಹುಟ್ಟಿ ಜನ ತತ್ತರಿಸಿದರು. ಬಟ್ಟೆ ತೊಳೆಯುವ ಸಾಬೂನು ಪುಡಿಯಲ್ಲಿ ಆಗ ರಂಜಕ ಹೇರಳವಾಗಿರುತ್ತಿತ್ತು. ರಂಜಕವೇ ಕಾರಣ ಎಂದು ಕೆಲವು ವಿಜ್ಞಾನಿಗಳು ಹೇಳಿದರು. ಸಾಬೂನು ಪುಡಿಯ ಕಂಪನಿಗಳ ಕಡೆಯವರು ಒಪ್ಪಲಿಲ್ಲ. ಇಂಗಾಲವೇ ಕಾರಣ, ನಮ್ಮ ಸರಕಲ್ಲ ಎಂದು ವಾದ ಹೂಡಿದರು. ಬಾಯಿಮಾತಿನಲ್ಲಿ ಈ ಜಗಳ ಹತ್ತು ವರ್ಷ ನಡೆಯಬಹುದಿತ್ತು.

ಆಗ ಡೇವಿಡ್ ಶಿಂಡ್ಲರ್ ಎಂಬ ಯುವ ವಿಜ್ಞಾನಿ ಒಂದು ನೇರವಾದ ಕೆಲಸ ಮಾಡಿದರು. ಒಂಟಾರಿಯೊ ಪ್ರಾಂತ್ಯದ ಕಾಡಿನಲ್ಲಿ ಪ್ರಯೋಗಕ್ಕೆಂದೇ ಕಾದಿರಿಸಿದ ಕೆರೆಗಳಿದ್ದವು. ಅವುಗಳಲ್ಲಿ 226ನೆಯ ಸಂಖ್ಯೆಯ ಕೆರೆ ನಡುವಿನಲ್ಲಿ ಸೊಂಟದಂತೆ ಸಣ್ಣದಾಗಿತ್ತು. 1973ರಲ್ಲಿ ಅವರು ಆ ಸೊಂಟಕ್ಕೆ ಅಡ್ಡಲಾಗಿ ಒಂದು ಪರದೆ ಕಟ್ಟಿ ಕೆರೆಯನ್ನು ಎರಡು ಪಾಲು ಮಾಡಿದರು. ಎರಡೂ ಪಾಲಿಗೆ ಇಂಗಾಲ ಮತ್ತು ಸಾರಜನಕ ಹಾಕಿದರು. ಒಂದು ಪಾಲಿಗೆ ಮಾತ್ರ ಜೊತೆಗೆ ರಂಜಕ ಹಾಕಿದರು. ರಂಜಕ ಬಿದ್ದ ಪಾಲು ನೀಲಿ-ಹಸಿರು ಪಾಚಿಯಿಂದ ತುಂಬಿಹೋಯಿತು. ಬೀಳದ ಪಾಲು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಅದರ ಚಿತ್ರ 1974ರಲ್ಲಿ ಅಚ್ಚಾಯಿತು. ಒಂದೇ ಕೆರೆ, ಒಂದೇ ಮಳೆ, ಒಂದೇ ಬಿಸಿಲು, ನಡುವೆ ಒಂದು ಪರದೆ. ಓದು ಬಾರದವನೂ ಆ ಚಿತ್ರ ನೋಡಿ ತೀರ್ಪು ಕೊಡಬಹುದಾಗಿತ್ತು. ಸಾಬೂನಿನಲ್ಲಿಯ ರಂಜಕಕ್ಕೆ ಮಿತಿ ಹಾಕುವ ಕಾನೂನುಗಳಿಗೆ ಇಂಥ ಪ್ರಯೋಗಗಳು ಬಲ ತಂದವು. ಶಿಂಡ್ಲರ್ ಅವರಿಗೆ 1991ರಲ್ಲಿ ಮೊಟ್ಟಮೊದಲ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ದೊರೆಯಿತು. 2021ರಲ್ಲಿ ಅವರು ತೀರಿಕೊಂಡರು.

ಸಾರಜನಕದ್ದೂ ಇದರಲ್ಲಿ ಪಾಲಿದೆ, ಎರಡನ್ನೂ ಹಿಡಿತದಲ್ಲಿಡಬೇಕು ಎಂದು ಅನಂತರದ ವಿಜ್ಞಾನಿಗಳು ವಾದಿಸಿದ್ದಾರೆ. ಆ ಚರ್ಚೆ ಇರಲಿ. ನಮಗೆ ತಿಳಿಯಬೇಕಾದುದು ಇಷ್ಟು: ನೀರು ತಾನಾಗಿ ಕೆಡುವುದಿಲ್ಲ. ಅದಕ್ಕೆ ಏನೋ ಬೀಳುತ್ತದೆ, ಎಲ್ಲಿಂದಲೋ ಬೀಳುತ್ತದೆ. ಬೀಳುವುದನ್ನು ಅಳೆಯಬಹುದು, ತಡೆಯಬಹುದು.

ದೂರದ ಕೆನಡಾದ ಮಾತು ನಮಗೇಕೆ ಎನ್ನಬೇಡಿ. ನಮ್ಮ ಜಲಾಶಯದ ನೀರನ್ನೂ ವಿಜ್ಞಾನಿಗಳು ಓದಿದ್ದಾರೆ. ಬ್ಯಾರಕ್‌ಪುರದ ಕೇಂದ್ರ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಎ. ಡೇವಿಡ್ ಮತ್ತು ಅವರ ಸಂಗಡಿಗರು ತುಂಗಭದ್ರಾ ಜಲಾಶಯದ ನೀರಿನ ಗುಣವನ್ನೂ ಮೀನುಗಾರಿಕೆಯನ್ನೂ ಅಭ್ಯಾಸ ಮಾಡಿ 1969ರಲ್ಲಿ ವರದಿಯನ್ನು ಪ್ರಕಟಿಸಿದರು. ನೀರನ್ನು ಪರೀಕ್ಷಿಸುವುದು ಇಲ್ಲಿ ಆಗದ ಕೆಲಸ ಎಂದು ಯಾರಾದರೂ ಹೇಳಿದರೆ, ಐವತ್ತು ವರ್ಷಗಳಿಗೂ ಹಿಂದೆಯೇ ಇದೇ ನೀರಿನಲ್ಲಿ ಆಗಿದೆಯಲ್ಲ ಎಂದು ಉತ್ತರ ಕೊಡಿ.

ಒಂದು ಚೀಲದ ಲೆಕ್ಕ

ಇನ್ನು ಲೆಕ್ಕಕ್ಕೆ ಬರೋಣ. 50 ಕಿಲೋದ ಒಂದು ಚೀಲ ಡಿ.ಎ.ಪಿ. ಗೊಬ್ಬರದಲ್ಲಿ ಸುಮಾರು 10 ಕಿಲೋ ರಂಜಕ ಇರುತ್ತದೆ. ನೀರಿಗೆ ಬಿದ್ದ ಒಂದು ಕಿಲೋ ರಂಜಕ ಸುಮಾರು 500 ಕಿಲೋ ಹಸಿ ಪಾಚಿಯನ್ನು ಬೆಳೆಸಬಲ್ಲುದು ಎಂದು ವಿಜ್ಞಾನಿಗಳ ಅಂದಾಜು. ಚೀಲದ ಹತ್ತನೆಯ ಒಂದು ಪಾಲು ಮಳೆಗೆ ತೊಳೆದು ಹಳ್ಳ ಸೇರಿತೆಂದು ಹಿಡಿಯಿರಿ. ಐದು ಕ್ವಿಂಟಾಲ್ ಪಾಚಿಗೆ ಬೀಜ ಬಿತ್ತಿದಂತಾಯಿತು. ರೈತ ಕೊಟ್ಟ ದುಡ್ಡು ಹೊಲಕ್ಕೆ ಬೀಳದೆ ಹೊಳೆಗೆ ಬಿತ್ತು.

ರೈತನನ್ನು ಮಾತ್ರ ದೂರುವುದು ನ್ಯಾಯವಲ್ಲ. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ವರ್ಷಕ್ಕೆ ಸುಮಾರು ಅರ್ಧ ಕಿಲೋ ರಂಜಕ ಹೊರಬೀಳುತ್ತದೆ. 2011ರ ಜನಗಣತಿಯಂತೆ ಗಂಗಾವತಿ ಪಟ್ಟಣದ ಜನಸಂಖ್ಯೆ 1 ಲಕ್ಷ 14 ಸಾವಿರ. ಎಂದರೆ ವರ್ಷಕ್ಕೆ ಐವತ್ತು ಟನ್ನಿಗೂ ಮೇಲೆ. ಅದೆಲ್ಲವೂ ಹೊಳೆಗೆ ಹೋಗುವುದಿಲ್ಲ, ನಿಜ. ಆದರೆ ತೆರೆದ ಚರಂಡಿ ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಯಾವ ವಿಜ್ಞಾನಿಯೂ ಬೇಕಿಲ್ಲ. ದಾವಣಗೆರೆ, ಶಿವಮೊಗ್ಗಗಳು ಗಂಗಾವತಿಗಿಂತ ಹಲವು ಪಟ್ಟು ದೊಡ್ಡವು, ಮತ್ತು ಅವು ನಮ್ಮ ಜಲಾಶಯದ ಮೇಲ್ಗಡೆಗೆ ಇವೆ.

ಈ ಜಲಾಶಯಕ್ಕೆ 28 ಸಾವಿರ ಚದರ ಕಿಲೋಮೀಟರ್ ಪ್ರದೇಶದ ನೀರು ಹರಿದು ಬರುತ್ತದೆ. ತುಂಗೆ, ಭದ್ರೆ, ವರದೆ, ಕುಮುದ್ವತಿಗಳ ದಂಡೆಯ ಊರುಗಳ ಚರಂಡಿ, ಅಡಿಕೆ ತೋಟ, ಭತ್ತದ ಗದ್ದೆ, ಕಬ್ಬು, ಮೆಕ್ಕೆಜೋಳದ ಹೊಲ, ಕಾರ್ಖಾನೆ ಎಲ್ಲದರ ತೊಳೆ ಕೊನೆಗೆ ಬಂದು ನಿಲ್ಲುವುದು ಇಲ್ಲಿ. ಹರಿಯುವ ಹೊಳೆಯಲ್ಲಿ ಪಾಚಿಗೆ ನೆಲೆ ಸಿಗುವುದಿಲ್ಲ. ನಿಂತ ನೀರು, ಬಿಸಿಲು, ಬೆಚ್ಚಗಿನ ಗಾಳಿ, ಹೊಟ್ಟೆ ತುಂಬ ಉಣಿಸು ಈ ನಾಲ್ಕೂ ಕೂಡಿದಾಗ ಅದು ಏಳುತ್ತದೆ. ಅದಕ್ಕೆ ಇನ್ನೊಂದು ಉಪಾಯವೂ ಗೊತ್ತಿದೆ: ತನ್ನ ಮೈಯೊಳಗೆ ಗಾಳಿಯ ಸಣ್ಣ ಸಣ್ಣ ಚೀಲಗಳನ್ನು ಕಟ್ಟಿಕೊಂಡು, ಬೇಕಾದಾಗ ಮೇಲಕ್ಕೆ ತೇಲುತ್ತದೆ, ಬೇಡವಾದಾಗ ಕೆಳಗಿಳಿಯುತ್ತದೆ. ಆದುದರಿಂದಲೇ ಗಾಳಿಯಿಲ್ಲದ ಬೆಳಗಿನಲ್ಲಿ ನೀರಿನ ಮೇಲೆ ಕೆನೆ ಕಟ್ಟಿರುತ್ತದೆ.

ಹೂಳಿನ ಮಾತನ್ನೂ ಇಲ್ಲಿಯೇ ಹೇಳಬೇಕು. 1953ರಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105. ಉಳಿದ ಜಾಗದಲ್ಲಿ ಹೂಳು ಕುಳಿತಿದೆ. ನಮಗೆ ಹೂಳೆಂದರೆ ಕಳೆದುಹೋದ ನೀರು ಮಾತ್ರ. ಆದರೆ ಆ ಹೂಳಿನಲ್ಲಿ ವರ್ಷ ವರ್ಷದ ರಂಜಕವೂ ಕುಳಿತಿರುತ್ತದೆ. ತಳದಲ್ಲಿ ಆಮ್ಲಜನಕ ತೀರಿದಾಗ ಅದು ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಎಂದರೆ ಇಂದು ಮೇಲಿನಿಂದ ಬರುವ ಹೊಲಸನ್ನು ಪೂರ್ತಿ ನಿಲ್ಲಿಸಿದರೂ ಹಳೆಯ ಸಾಲ ಕೆಲವು ಕಾಲ ತೀರುತ್ತಲೇ ಇರಬೇಕು. ತಡ ಮಾಡಿದಷ್ಟೂ ಸಾಲ ಬೆಳೆಯುತ್ತದೆ.

ಕುದಿಸಿದರೆ ಹೋಗದ ವಿಷ

ಈಗ ಹೇಳುವ ಮಾತನ್ನು ತಾಯಂದಿರು ವಿಶೇಷವಾಗಿ ಕೇಳಬೇಕು.

ಹಸಿರಾದ ನೀರೆಲ್ಲ ವಿಷವಲ್ಲ. ಆದರೆ ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ವಿಷವನ್ನು ಹುಟ್ಟಿಸುತ್ತವೆ. ಅವುಗಳಲ್ಲಿ ಹೆಸರಾದದ್ದು ಮೈಕ್ರೋಸಿಸ್ಟಿನ್. ಅದು ಯಕೃತ್ತಿಗೆ ಪೆಟ್ಟು ಕೊಡುತ್ತದೆ. ನರಗಳಿಗೆ ಪೆಟ್ಟು ಕೊಡುವ ವಿಷಗಳೂ ಇವೆ. ಯಾವ ಹಸಿರಿನಲ್ಲಿ ವಿಷ ಇದೆ, ಯಾವುದರಲ್ಲಿ ಇಲ್ಲ ಎಂದು ಕಣ್ಣಿನಿಂದ ಹೇಳಲಾಗದು. ಇದೇ ಇದರ ಕೇಡು.

ನೀರು ಕೆಟ್ಟರೆ ಕುದಿಸಿ ಕುಡಿಯಿರಿ ಎಂದು ನಮ್ಮ ಹಿರಿಯರು ಹೇಳಿದರು, ವೈದ್ಯರು ಹೇಳಿದರು, ಶಾಲೆಯಲ್ಲಿ ನಾವೂ ಹೇಳಿದೆವು. ಕಾಲರಾ, ವಾಂತಿಭೇದಿಗಳ ಕ್ರಿಮಿಗೆ ಅದು ಸರಿಯಾದ ಮಾತು, ಇಂದಿಗೂ ಸರಿ. ಆದರೆ ಈ ವಿಷ ಕುದಿಸಿದರೆ ಸಾಯುವ ಕ್ರಿಮಿಯಲ್ಲ, ರಾಸಾಯನಿಕ. ಕುದಿಸಿದರೆ ಪಾಚಿಯ ಮೈ ಒಡೆದು ಒಳಗಿನ ವಿಷ ನೀರಿಗೆ ಬರುತ್ತದೆ; ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ಅರಿವೆಯಲ್ಲಿ ಸೋಸಿದರೂ ಕರಗಿದ ವಿಷ ಹೋಗುವುದಿಲ್ಲ. ಪಾಚಿಯನ್ನು ಕೊಲ್ಲಲೆಂದು ಕುಡಿಯುವ ನೀರಿನ ಕೆರೆಗೆ ಮೈಲುತುತ್ತ ಸುರಿದರೂ ಇದೇ ಗತಿ: ಪಾಚಿ ಸಾಯುತ್ತದೆ, ಒಳಗಿದ್ದ ವಿಷವೆಲ್ಲ ಒಮ್ಮೆಗೇ ನೀರಿಗಿಳಿಯುತ್ತದೆ.

ಇದು ಹೆದರಿಸುವ ಮಾತಲ್ಲ, ನಡೆದ ಸಂಗತಿ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲಿಡೊ ನಗರದ ಸುಮಾರು ಐದು ಲಕ್ಷ ಜನರಿಗೆ ಅಲ್ಲಿಯ ಆಡಳಿತ, ನಲ್ಲಿಯ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಸಾರಿತು. ಕಾರಣ, ಅದೇ ಈರಿ ಸರೋವರದ ನೀಲಿ-ಹಸಿರು ಪಾಚಿ. ಕಾರ್ಖಾನೆ, ಚರಂಡಿಗಳಿಗೆ ಕಡಿವಾಣ ಹಾಕಿದ ಮೇಲೆ ಒಮ್ಮೆ ತಿಳಿಯಾಗಿದ್ದ ಆ ಸರೋವರ, ಹೊಲಗಳ ಗೊಬ್ಬರದಿಂದ ಮತ್ತೆ ಹಸಿರಾಗಿತ್ತು. ಬ್ರೆಜಿಲ್ ದೇಶದ ಕರುವಾರು ಎಂಬ ಊರಿನಲ್ಲಿ 1996ರಲ್ಲಿ ಮೂತ್ರಪಿಂಡದ ರೋಗಿಗಳ ರಕ್ತ ಶುದ್ಧಿ ಮಾಡುವ ಒಂದು ಚಿಕಿತ್ಸಾಲಯಕ್ಕೆ ಜಲಾಶಯದ ನೀರನ್ನು ಸರಿಯಾಗಿ ಶುದ್ಧಿ ಮಾಡದೆ ಟ್ಯಾಂಕರಿನಲ್ಲಿ ತಂದರು. ಐವತ್ತಕ್ಕೂ ಹೆಚ್ಚು ರೋಗಿಗಳು ಈ ವಿಷದಿಂದ ಸತ್ತರು. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಕುಡಿಯುವ ನೀರಿನಲ್ಲಿಯ ಮೈಕ್ರೋಸಿಸ್ಟಿನ್‌ಗೆ ಲೀಟರಿಗೆ ಒಂದು ಮೈಕ್ರೋಗ್ರಾಂ ಎಂಬ ಮಿತಿಯನ್ನು ಹೇಳಿತು. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು! ಕಣ್ಣಿಗೆ ಕಾಣುವ ಅಳತೆಯಲ್ಲ ಅದು. ಪ್ರಯೋಗಶಾಲೆಯೇ ಹೇಳಬೇಕು.

ಕುಷ್ಟಗಿ, ಯಲಬುರ್ಗಾದ ಗೆಳೆಯರು ಮನಸ್ಸಿನಲ್ಲಿ ಹೀಗೆ ಅಂದುಕೊಳ್ಳುತ್ತಿರಬಹುದು: ನಮಗೆ ಕಾಲುವೆಯೇ ಇಲ್ಲ, ಇದು ಗಂಗಾವತಿಯವರ ತಲೆನೋವು. ಹಾಗಲ್ಲ. ನಿಮ್ಮ ಕಡೆಗೆ ಕೆರೆಗಳಿವೆ, ಕೃಷಿಹೊಂಡಗಳಿವೆ, ಅವುಗಳಲ್ಲಿ ನೀರು ಕುಡಿಯುವ ಕುರಿ, ದನಗಳಿವೆ. 1878ರಲ್ಲಿಯೇ ಜಾರ್ಜ್ ಫ್ರಾನ್ಸಿಸ್ ಎಂಬ ರಸಾಯನ ಶಾಸ್ತ್ರಜ್ಞ ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದ ಹಸಿರು ಕೆನೆ ಕುಡಿದು ಕುರಿ, ಕುದುರೆ, ನಾಯಿಗಳು ಸತ್ತದ್ದನ್ನು ಬರೆದಿಟ್ಟ. 2020ರಲ್ಲಿ ಆಫ್ರಿಕದ ಬೋಟ್ಸ್ವಾನಾದಲ್ಲಿ ಮುನ್ನೂರಕ್ಕೂ ಮಿಕ್ಕಿ ಆನೆಗಳು ಸತ್ತಾಗ ಆ ದೇಶದ ಸರಕಾರ ನೀರಗುಂಡಿಗಳ ಇದೇ ಜಾತಿಯ ವಿಷವನ್ನು ಕಾರಣವೆಂದು ಹೇಳಿತು. ಆನೆಯ ಗತಿ ಹೀಗಾದರೆ ಕುರಿಯ ಗತಿ ಏನು? ಗಾಳಿ ಬೀಸುವ ದಿಕ್ಕಿನ ದಂಡೆಗೆ ಕೆನೆ ಬಂದು ಸೇರುತ್ತದೆ. ಕುರಿಗಾಹಿಗಳಿಗೆ ಇಷ್ಟಾದರೂ ತಿಳಿಸಿ: ಕೆನೆ ಕಟ್ಟಿದ ದಂಡೆಯಲ್ಲಿ ಕುರಿ ಇಳಿಸಬೇಡಿ, ಎದುರಿನ ತಿಳಿ ದಂಡೆಯೂ ಪೂರ್ತಿ ನಂಬಿಕೆಯದಲ್ಲ, ಬೇರೆ ನೀರು ಇದ್ದರೆ ಅಲ್ಲಿಗೇ ಒಯ್ಯಿರಿ.

ಇನ್ನೊಂದು ಮಾತು. ಈ ಒಣ ತಾಲ್ಲೂಕುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡಿನ ಕಾಟ. ಹಲ್ಲು ಹಳದಿಯಾದ ಮಕ್ಕಳನ್ನು, ಮೂಳೆ ಬಾಗಿದ ಮುದುಕರನ್ನು ನೀವು ದಿನವೂ ನೋಡುತ್ತೀರಿ. ಅದಕ್ಕಾಗಿಯೇ ನದಿಯ ನೀರು ಕೊಡಿ ಎಂದು ಜನ ಕೇಳಿದರು, ಯೋಜನೆಗಳು ಬಂದವು. ನೆಲದೊಳಗಿನ ವಿಷದಿಂದ ಪಾರಾಗಲು ನದಿಯ ಕಡೆಗೆ ಕೈಚಾಚಿದವರಿಗೆ ಆ ನದಿಯೂ ಕೆಟ್ಟರೆ ಇನ್ನು ಮೂರನೆಯ ನೀರು ಎಲ್ಲಿದೆ?

ಮೇಲಿನವರು, ಕೆಳಗಿನವರು

ಇದರಲ್ಲಿ ನಷ್ಟ ಯಾರಿಗೆ? ದುಡ್ಡುಳ್ಳವನು ಬಾಟಲಿ ನೀರು ತರಿಸುತ್ತಾನೆ, ಮನೆಯಲ್ಲಿ ಯಂತ್ರ ಹಾಕಿಸುತ್ತಾನೆ. ಕಾಲುವೆಯ ಕೊನೆಯಂಚಿನ ಹಳ್ಳಿಯ ಕೂಲಿಯವಳು ಊರ ಕೆರೆಯ ನೀರನ್ನೇ ಹೊರುತ್ತಾಳೆ. ಆ ಕೆರೆಗೆ ಕಾಲುವೆ ಹರಿದಾಗ ನೀರು ತುಂಬುತ್ತಾರೆ. ಕಾಲುವೆ ನಿಂತ ಮೇಲೆ ಅದೇ ನಿಂತ ನೀರು ತಿಂಗಳುಗಟ್ಟಲೆ ಊರಿನ ಬಾಯಾರಿಕೆಗೆ. ಪಾಚಿಗೆ ಇದಕ್ಕಿಂತ ಒಳ್ಳೆಯ ಮನೆ ಯಾವುದು? ಹಿನ್ನೀರಿನ ಬೆಸ್ತರ ಕಷ್ಟವೂ ಇದೇ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ತಾನೇ ಅದನ್ನು ಉಸಿರಾಡುತ್ತದೆ. ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಾಗಳು ಉಳಿದದ್ದನ್ನೂ ಮುಗಿಸುತ್ತವೆ. ಬೆಳಗಿನ ಜಾವ ಮೀನು ಉಸಿರು ಕಟ್ಟಿ ಸಾಯುತ್ತದೆ. ಜಲಾಶಯಕ್ಕಾಗಿ ಮನೆ, ಹೊಲ ಬಿಟ್ಟು ಎದ್ದ ಊರುಗಳ ಮಕ್ಕಳು ಮೊಮ್ಮಕ್ಕಳು ಅದೇ ನೀರಿನಲ್ಲಿ ಬಲೆ ಬೀಸುತ್ತಿದ್ದಾರೆ ಎಂಬುದನ್ನು ಮರೆಯಬಾರದು.

ಮೇಲ್ಗಡೆಯವರು ನಮ್ಮ ನೀರು ಕೆಡಿಸಿದರು ಎಂದು ಹೇಳುವುದು ಸುಲಭ, ಅದರಲ್ಲಿ ಸತ್ಯವೂ ಇದೆ. ಆದರೆ ಸತ್ಯ ಅಲ್ಲಿಗೆ ನಿಲ್ಲುವುದಿಲ್ಲ. ಗಂಗಾವತಿ, ಕಾರಟಗಿಯ ಗದ್ದೆಗಳ ಬಸಿನೀರು ಎಲ್ಲಿಗೆ ಹೋಗುತ್ತದೆ? ಕೊಪ್ಪಳದ ಚರಂಡಿ ಎಲ್ಲಿಗೆ ಹೋಗುತ್ತದೆ? ಹಳ್ಳ ಹಿಡಿದು ಮತ್ತೆ ಅದೇ ತುಂಗಭದ್ರೆಗೆ. ಅಲ್ಲಿಂದ ಕೆಳಗೆ ರಾಯಚೂರು ಜಿಲ್ಲೆಯ ಹಳ್ಳಿಗಳಿವೆ, ಅದರ ಕೆಳಗೆ ಕರ್ನೂಲು ಇದೆ. ಶಿವಮೊಗ್ಗ, ದಾವಣಗೆರೆ ನಮಗೆ ಏನಾಗಿವೆಯೋ ನಾವು ಅವರಿಗೆ ಅದೇ ಆಗಿದ್ದೇವೆ. ಹೊಳೆಯ ದಂಡೆಯಲ್ಲಿ ಎಲ್ಲರೂ ಒಬ್ಬರಿಗೆ ಕೆಳಗಿನವರು, ಇನ್ನೊಬ್ಬರಿಗೆ ಮೇಲಿನವರು. ಆದುದರಿಂದ ನಾವು ಮೇಲಿನವರಿಂದ ಏನನ್ನು ಕೇಳುತ್ತೇವೆಯೋ ಅದನ್ನು ಮೊದಲು ಕೆಳಗಿನವರಿಗೆ ಕೊಡಲು ಸಿದ್ಧರಾಗಬೇಕು. ಆಗ ಮಾತ್ರ ನಮ್ಮ ಕೇಳಿಕೆಗೆ ನ್ಯಾಯದ ಬಲ ಬರುತ್ತದೆ.

ನಾವು ಮಾಡಬೇಕಾದುದು

ಕೆಲಸದ ಮಾತು ಹೇಳಿ ಮುಗಿಸುತ್ತೇವೆ.

ಒಂದನೆಯದು, ನೀರಿನ ಮಟ್ಟವನ್ನು ದಿನವೂ ಪ್ರಕಟಿಸುವಂತೆ ನೀರಿನ ಗುಣವನ್ನೂ ಪ್ರಕಟಿಸಬೇಕು. ಮುನಿರಾಬಾದಿನಲ್ಲಿ ಕಾಲುವೆ ಹುಟ್ಟುವ ಕಡೆ, ಪಟ್ಟಣಗಳಿಗೆ ನೀರೆತ್ತುವ ಕಡೆ, ಕೊನೆಯಂಚಿನ ಕುಡಿಯುವ ನೀರಿನ ಕೆರೆಗಳಲ್ಲಿ ಪರೀಕ್ಷೆಯಾಗಬೇಕು. ಹಸಿರು ಕಂಡ ಕಾಲದಲ್ಲಿ ವಾರಕ್ಕೊಮ್ಮೆ ಪಾಚಿಯ ಜಾತಿಯನ್ನೂ ವಿಷವನ್ನೂ ನೋಡಬೇಕು. ಫಲಿತಾಂಶವನ್ನು ಕನ್ನಡದಲ್ಲಿ, ಪಂಚಾಯತಿಯ ಗೋಡೆಯ ಮೇಲೆ ಹಚ್ಚಬೇಕು. ಕುಡಿಯುವವನಿಗೆ ತಿಳಿಯದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಎರಡನೆಯದು, ಪಟ್ಟಣದ ಹೊಲಸು ನೀರು ಶುದ್ಧಿಯಾಗದೆ ಹಳ್ಳಕ್ಕೆ ಬೀಳಬಾರದು. ಮೇಲ್ಗಡೆಯ ಪಟ್ಟಣಗಳಿಗೂ ಇದೇ ಮಾತು, ನಮ್ಮ ಪಟ್ಟಣಗಳಿಗೂ ಇದೇ ಮಾತು. ನಗರಸಭೆಯ ಸದಸ್ಯ ವೋಟು ಕೇಳಲು ಬಂದಾಗ ರಸ್ತೆಯ ಜೊತೆಗೆ ಇದನ್ನೂ ಕೇಳಿ.

ಮೂರನೆಯದು ರೈತ ಬಾಂಧವರಿಗೆ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಗೊಬ್ಬರ ಹಾಕಿ. ಮಳೆ ಬರುವ ಮೋಡ ಕಂಡಾಗ ಚೀಲ ಬಿಚ್ಚಬೇಡಿ. ಗೊಬ್ಬರ ಹಾಕಿದ ಕೂಡಲೇ ಗದ್ದೆಯ ನೀರನ್ನು ಹೊರಬಿಡಬೇಡಿ. ಬದುವಿಗೆ, ಹಳ್ಳದ ದಂಡೆಗೆ ಹುಲ್ಲು, ಗಿಡ ಉಳಿಸಿ. ತೊಳೆದು ಹೋಗುವುದನ್ನು ಅವು ಹಿಡಿಯುತ್ತವೆ. ಇದರಿಂದ ಕೆಳಗಿನವನ ನೀರು ಉಳಿಯುವುದಷ್ಟೇ ಅಲ್ಲ, ನಿಮ್ಮ ದುಡ್ಡೂ ಉಳಿಯುತ್ತದೆ.

ನಾಲ್ಕನೆಯದು, ಕೆರೆಗಳ ಹೂಳು. 2017ರಲ್ಲಿ ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆ, 2019ರಲ್ಲಿ ಕುಷ್ಟಗಿಯ ನಿಡಶೇಸಿ ಕೆರೆ ಹೂಳೆತ್ತಿಸಿಕೊಂಡವು. ಅದೇ 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳು ಮುಂದೆ ನಿಂತು ಜನರಿಂದ ಹಿರೇಹಳ್ಳವನ್ನು ಸ್ವಚ್ಛ ಮಾಡಿಸಿದರು. ನಮ್ಮ ಜನಕ್ಕೆ ದುಡಿಯಲು ಬಾರದು ಎನ್ನುವವರ ಬಾಯಿಗೆ ಇದೇ ಉತ್ತರ. ಕೆರೆಯಿಂದ ತೆಗೆದ ಹೂಳು ಹೊಲಕ್ಕೆ ಬಿದ್ದರೆ ಪಾಚಿಗೆ ಹೋಗುತ್ತಿದ್ದ ರಂಜಕ ಬೆಳೆಗೆ ಹೋಗುತ್ತದೆ. ಆದರೆ ಹೂಳೆತ್ತಿದ ಕೆರೆಗೆ ಮತ್ತೆ ಊರ ಚರಂಡಿಯನ್ನೇ ಬಿಟ್ಟರೆ ದುಡಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಐದನೆಯದು, ನಾಳೆಯಿಂದಲೇ ಪ್ರತಿ ಊರಿನಲ್ಲಿ ಮಾಡಬಹುದಾದ್ದು. ಕೆರೆ ಹಸಿರಾದರೆ, ಕೈಗೆ ರಬ್ಬರ್ ಚೀಲ ಹಾಕಿಕೊಂಡು ಒಂದು ಗಾಜಿನ ಬಾಟಲಿಯಲ್ಲಿ ಆ ನೀರು ತುಂಬಿ, ಅಲುಗಾಡದಂತೆ ತಂಪಾದ ನೆರಳಿನಲ್ಲಿ ಒಂದು ರಾತ್ರಿ ಇಡಿ. ಬೆಳಗ್ಗೆ ಹಸಿರು ತಳಕ್ಕಿಳಿದಿದ್ದರೆ ಅದು ಬಹುಶಃ ಸಾಮಾನ್ಯ ಪಾಚಿ. ಮೇಲೆ ಬಂದು ಕೆನೆಯಂತೆ ನಿಂತಿದ್ದರೆ ನೀಲಿ-ಹಸಿರು ಪಾಚಿ ಇರುವ ಸಂಭವ ಹೆಚ್ಚು. ಇದು ತೀರ್ಪಲ್ಲ, ಎಚ್ಚರಿಕೆ ಮಾತ್ರ. ಕೆನೆ ಮೇಲೆ ನಿಂತರೆ ಆ ನೀರನ್ನು ಕುಡಿಯುವುದನ್ನು, ದನಕ್ಕೆ ಕುಡಿಸುವುದನ್ನು ನಿಲ್ಲಿಸಿ, ಪಂಚಾಯತಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಪರೀಕ್ಷೆ ಆಗುವವರೆಗೆ ಬೇರೆ ನೀರು ಕೇಳಿ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಅದನ್ನು ನಡೆಸುವಂತೆ ಮಾಡುವುದು ಆ ದಿನದ ಮೊದಲ ಕೆಲಸ. ಅರ್ಜಿಯ ಪ್ರತಿಯನ್ನು ಇಟ್ಟುಕೊಳ್ಳಿ, ತಾರೀಖು ಬರೆದಿಡಿ. ಹತ್ತು ಊರುಗಳ ಹತ್ತು ತಾರೀಖು ಒಂದೆಡೆ ಕೂಡಿದರೆ ಅದೇ ಒಂದು ದಾಖಲೆಯಾಗುತ್ತದೆ; ಅದನ್ನು ಯಾವ ಅಧಿಕಾರಿಯೂ ಗಾಳಿಮಾತು ಎನ್ನಲಾರ.

ಬಂಧುಗಳೇ, 226ನೆಯ ಕೆರೆಯಲ್ಲಿ ವಿಜ್ಞಾನಿಗಳು ಪರದೆ ಕಟ್ಟಿ ಎರಡು ಪಾಲು ಮಾಡಿ ತೋರಿಸಿದರು. ನಮ್ಮ ಹೊಳೆಗೆ ಪರದೆ ಕಟ್ಟಲಾಗದು. ಅದು ಬಡವನ ಕೊಡಕ್ಕೂ ಬಲ್ಲಿದನ ಗದ್ದೆಗೂ, ಮೇಲಿನ ಊರಿಗೂ ಕೆಳಗಿನ ಊರಿಗೂ ಒಂದೇ ಹೊಳೆ. ಎಷ್ಟು ನೀರು ಎಂದು ಕೇಳುವ ಹಕ್ಕನ್ನು ನಮ್ಮ ಹಿರಿಯರು ಗಳಿಸಿಕೊಟ್ಟರು. ಎಂಥ ನೀರು ಎಂದು ಕೇಳುವುದು ನಮ್ಮ ಪಾಲಿಗೆ ಬಂದ ಕೆಲಸ. ಈ ಶಿಬಿರದಿಂದ ಎದ್ದು ಹೋದ ಮೇಲೆ ನಿಮ್ಮ ನಿಮ್ಮ ಊರಿನ ಕೆರೆಯ ದಂಡೆಗೆ ಮೊದಲು ಹೋಗಿ ನೋಡಿ, ಕಂಡದ್ದನ್ನು ಬರೆದು ಕಳುಹಿಸಿ. ಮುಂದಿನ ಸಭೆಯನ್ನು ಆ ಬರಹಗಳಿಂದಲೇ ಆರಂಭಿಸೋಣ.